ನೇಗಿಲಿಗೆ ಕಟ್ಟಿದ ಕುದುರೆಗಳು

“ಖಜಾನೆ ಖಾಲಿ ಮಾಡಿದ್ದು ಯಾರ್ರೀ?”

ಆ ದನಿಗೆ ಮಹಡಿಯ ಮೇಲೆ ಕೂತಿದ್ದವರೆಲ್ಲ ಕಂಪ್ಯೂಟರುಗಳಿಂದ ತಲೆ ಎತ್ತಿದರು. ಕೇಳಿದವನು ಬಾಗಿಲಲ್ಲೇ ನಿಂತಿದ್ದ. ಮಡಚಿದ ತೋಳಿನ ಅಂಗಿ, ಮೊಣಕೈವರೆಗೂ ಮೆತ್ತಿದ ಬಿಳಿ ಪುಡಿ, ಕೈಯಲ್ಲಿ ಫೋನು. ಮೆಟ್ಟಿಲನ್ನು ಓಡಿಕೊಂಡೇ ಹತ್ತಿದ್ದನೆಂದು ಅವನ ಉಸಿರೇ ಹೇಳುತ್ತಿತ್ತು.

“ನಾನು,” ಎಂದಳು ಅವಳು, ಕುರ್ಚಿ ತಿರುಗಿಸದೆ.

“ನೀವ್ಯಾರು?”

“ಖಾಲಿ ಮಾಡಿದವಳು.”

ಯಾರೋ ಕಿಸಕ್ಕೆಂದರು. ಅವಳು ಈಗ ತಿರುಗಿದಳು. ಅವನ ಹುಬ್ಬಿನ ಮೇಲೂ ಒಂದಿಷ್ಟು ಬಿಳಿ ಪುಡಿ ಕೂತಿತ್ತು. ಅಷ್ಟು ಸಿಟ್ಟಾದ ಮುಖದ ಮೇಲೆ ಆ ಪುಡಿಯನ್ನು ನೋಡಿ ನಗು ತಡೆಯುವುದು ಕಷ್ಟವಾಯಿತು.

ಅದು ಅವಳ ಭಾವನ ಅಂಗಡಿ. ಕೆಳಗೆ ಕಂಪ್ಯೂಟರ್ ರಿಪೇರಿ, ಮೇಲೆ ಭಾನುವಾರ ಮಧ್ಯಾಹ್ನ ಸಾಮ್ರಾಜ್ಯ ಕಟ್ಟುವ ಆಟ. ಒಂದೊಂದು ರಾಜ್ಯವನ್ನು ಇಬ್ಬಿಬ್ಬರು ಆಳಬೇಕು. ಒಬ್ಬರು ಭಂಡಾರಿ: ಹೊಲ, ಕಾಡು, ಕಲ್ಲುಗಣಿ, ಸಂತೆ, ತೆರಿಗೆ ಎಲ್ಲ ಅವರದು, ಯಾವ ಊರಿನ ಜನ ಏನು ಕೆಲಸ ಮಾಡಬೇಕು, ಎಷ್ಟು ಉಣ್ಣಬೇಕು ಎಂಬುದೂ ಅವರದೇ. ಇನ್ನೊಬ್ಬರು ದಂಡನಾಯಕ: ಕೋಟೆ, ಕುದುರೆ, ಯುದ್ಧ. ಒಂದು ಭಾನುವಾರ ಎಲ್ಲಿಗೆ ನಿಂತಿತೋ ಮುಂದಿನ ಭಾನುವಾರ ಅಲ್ಲಿಂದಲೇ ಶುರು.

ಭಾವ ವರ್ಷಗಳಿಂದ ಭಂಡಾರಿ. ಅಂಗಡಿಯ ಬೋರ್ಡು ಸರಿ ಮಾಡಲು ಏಣಿ ಹತ್ತಿ, ಏಣಿಗಿಂತ ಮೊದಲು ತಾನೇ ಕೆಳಗಿಳಿದು, ಬಲಗೈ ಮುರಿದುಕೊಂಡಿದ್ದ. “ನನ್ನ ಕುರ್ಚಿ ಖಾಲಿ ಬಿಟ್ರೆ ತಂಡ ಲೀಗಿನಿಂದ ಔಟು. ನೀನು ಕೂತ್ಕೋ. ನಿನಗೂ ಒಂದು ಕಡೆ ಕೂತು ಅಭ್ಯಾಸ ಆಗ್ಲಿ,” ಎಂದು ನಾದಿನಿಯನ್ನು ಕೂರಿಸಿದ್ದ.

ಕೂರುವುದು ಅವಳಿಗೆ ಒಗ್ಗದ ಕೆಲಸ. ಅವಳು ಸರ್ವೇಯರ್. ಹೊಸ ರಸ್ತೆ ಎಲ್ಲಿ ಹೋಗಬೇಕೋ ಅಲ್ಲಿಗೆ ಮೊದಲು ಹೋಗಿ, ನೆಲ ಅಳೆದು, ಗೂಟ ನೆಟ್ಟು, ರಸ್ತೆ ಬರುವಷ್ಟರಲ್ಲಿ ಇನ್ನೊಂದು ಊರಿಗೆ ಹೊರಟುಬಿಡುವವಳು. ತಾನು ಅಳೆದ ಒಂದು ರಸ್ತೆಯ ಮೇಲೂ ಅವಳು ನಡೆದಿರಲಿಲ್ಲ. ಈ ಊರಿನ ಕೆಲಸ ಮುಗಿಯುವವರೆಗೆ ಅಕ್ಕನ ಮನೆ. “ಇವಳ ಕಾಲಿಗೆ ಚಕ್ರ ಕಟ್ಟಿದೆ,” ಎಂದು ಅಕ್ಕ ಬಂದವರಿಗೆಲ್ಲ ಹೇಳುತ್ತಿದ್ದಳು.

“ನಿಮ್ಮ ಭಾವ ಇರುವೆ ಥರ ಕೂಡಿಟ್ಟಿದ್ರು,” ಎಂದ ಅವನು, ಅವಳ ದಂಡನಾಯಕ, ಅವಳು ಯಾರೆಂದು ಯಾರೋ ಹೇಳಿದ ಮೇಲೆ ಪಕ್ಕದ ಕುರ್ಚಿ ಎಳೆದುಕೊಂಡು. “ಕಲ್ಲು, ಮರ, ಚಿನ್ನ. ಒಂದೇ ಮಧ್ಯಾಹ್ನದಲ್ಲಿ ಎಲ್ಲ ಉಡಾಯಿಸಿದ್ರಲ್ಲ!”

“ಕೂಡಿಟ್ಟು ಏನು ಮಾಡ್ತಿದ್ರಿ?”

“ಕಷ್ಟಕಾಲಕ್ಕೆ ಬೇಡ್ವಾ?”

“ಇಲ್ಲಿ ನೋಡಿ.” ಅವಳು ಬೆರಳಿನಿಂದ ನಕ್ಷೆ ತೋರಿಸಿದಳು. “ಉತ್ತರದ ಊರುಗಳಲ್ಲಿ ಧಾನ್ಯ ಕೊಳೀತಾ ಇದೆ. ದಕ್ಷಿಣದ ಗಣಿಯವರು ಅರೆಹೊಟ್ಟೆ. ನಡುವೆ ದಾರೀನೇ ಇಲ್ಲ. ಇದಕ್ಕಿಂತ ಕಷ್ಟಕಾಲ ಯಾವಾಗ ಬರತ್ತೆ? ಎಲ್ಲ ದಾರಿಗೆ ಹಾಕಿದೀನಿ. ನನಗೆ ಬರೋದು ಅದೊಂದೇ.”

ಅವನು ಮುಂದಕ್ಕೆ ಬಾಗಿದ. ನಕ್ಷೆಯ ಮೇಲೆ ಆಗಷ್ಟೇ ಮೊದಲ ಗಾಡಿ ಹೊಸ ದಾರಿಗೆ ಇಳಿಯುತ್ತಿತ್ತು. ಅದು ಗಣಿಯೂರು ಮುಟ್ಟುವವರೆಗೆ ಇಬ್ಬರೂ ಅದನ್ನೇ ನೋಡಿದರು. ಮುಟ್ಟಿದಾಗ ಊರಿನ ಮೇಲಿನ ಕೆಂಪು ಗುರುತು ಹಸಿರಾಯಿತು.

“ಹೂಂ,” ಎಂದ ಅವನು. ಸೋಲೊಪ್ಪುವುದಕ್ಕೆ ಅವನಲ್ಲಿದ್ದ ಮಾತು ಅಷ್ಟೇ ಇರಬೇಕು.

“ನಿಮ್ಮ ಮೈಮೇಲೆ ಅದೇನು, ಹಿಟ್ಟಾ?”

“ಹಲ್ಲು.”

“ಏನು?”

“ಹಲ್ಲಿನ ಅಚ್ಚಿನ ಪುಡಿ. ಹಲ್ಲಿನ ಸೆಟ್ ಮಾಡ್ತೀನಿ. ನನ್ನ ಚಿಕ್ಕಮ್ಮ ಡೆಂಟಿಸ್ಟು, ಅವರ ಕ್ಲಿನಿಕ್ ಹಿಂದೇನೇ ನನ್ನ ವರ್ಕ್‌ಶಾಪು.”

“ಭಾನುವಾರಾನೂ?”

“ಹಲ್ಲಿಲ್ಲದವರಿಗೆ ಭಾನುವಾರಾನೂ ಹಸಿವಾಗತ್ತೆ.”

ಅವಳು ನಕ್ಕಳು. ಅವನೂ ನಕ್ಕ. ಆಗ ಕಂಡಿತು, ಅವನ ಮುಂದಿನ ಒಂದು ಹಲ್ಲು ಪಕ್ಕದ್ದರ ಹೆಗಲ ಮೇಲೆ ಚೂರು ಒರಗಿತ್ತು. ಊರಿಗೆಲ್ಲ ಸಾಲು ಹಲ್ಲು ಜೋಡಿಸಿಕೊಡುವವನ ಹಲ್ಲೇ ಓರೆ! ಅವಳ ಕಣ್ಣು ಎಲ್ಲಿ ನಿಂತಿತೆಂದು ತಿಳಿದು ಅವನು ಪಟಕ್ಕನೆ ಬಾಯಿ ಮುಚ್ಚಿದ. ಕಿವಿಗಳು ಮಾತ್ರ ಕೆಂಪಗಾದವು.

*

ಆಮೇಲಿನ ಭಾನುವಾರಗಳಲ್ಲಿ ಅವರ ರಾಜ್ಯ ಹಬ್ಬಿತು.

ದಾರಿ ಬಂದಲ್ಲಿ ಸಂತೆ ಬಂತು. ಸಂತೆ ಬಂದಲ್ಲಿ ಜನ ಬಂದರು. ಅವಳು ತೆರಿಗೆ ಇಳಿಸಿದಳು. ಅಕ್ಕಪಕ್ಕದ ರಾಜ್ಯಗಳಿಂದ ಕುಂಬಾರರು, ನೇಕಾರರು ಗಂಟುಮೂಟೆ ಕಟ್ಟಿಕೊಂಡು ಇವರ ಕಡೆ ಹೊರಟರು. ನದಿಯಾಚೆಯ ರಾಜ್ಯ ಆಳುತ್ತಿದ್ದವರು ಗಂಡ-ಹೆಂಡತಿ, ಇಬ್ಬರೂ ಶಾಲಾ ಮೇಷ್ಟ್ರು. ಮೇಷ್ಟ್ರಮ್ಮ ಕನ್ನಡಕದ ಮೇಲಿಂದ ನೋಡಿ, “ನಮ್ಮ ಜನರನ್ನೆಲ್ಲ ಆಸೆ ತೋರಿಸಿ ಕರೀತಿದ್ದೀಯಲ್ಲಮ್ಮ,” ಎಂದು ಗದರಿದಳು.

“ನನಗೆ ಇನ್ನಷ್ಟು ಕುದುರೆ ಬೇಕು,” ಎಂದು ದಂಡನಾಯಕ ಪ್ರತಿ ವಾರ ಕೇಳುತ್ತಿದ್ದ.

“ಕುದುರೆ ಹುಲ್ಲು ತಿನ್ನತ್ತೆ, ಸವಾರ ಅನ್ನ ತಿಂತಾನೆ. ಇಬ್ರೂ ದುಡಿಯಲ್ಲ.”

“ಕಾವಲು ಕಾಯೋದು ದುಡಿಮೆ ಅಲ್ವಾ?”

“ಸರಿ, ತಗೊಳ್ಳಿ. ಮುಖ ಸಣ್ಣದು ಮಾಡ್ಬೇಡಿ.”

ಕೊಡುವಾಗಲೆಲ್ಲ ಅವನ ಮುಖ ನೋಡುತ್ತಿದ್ದಳು. ಹೊಸ ಕುದುರೆಗಳು ಲಾಯದಿಂದ ಹೊರಬರುವಾಗ ಅವನು ಗಲ್ಲಕ್ಕೆ ಕೈ ಕೊಟ್ಟು ಮುಂದಕ್ಕೆ ಬಾಗುತ್ತಿದ್ದ. ಆಗ ಅವನ ತೋಳು ಅವಳ ತೋಳಿಗೆ ತಗುಲಿಯೂ ತಗುಲದಂತಿರುತ್ತಿತ್ತು. ಅವಳು ಸರಿಯುತ್ತಿರಲಿಲ್ಲ. ಅವನೂ ಸರಿಯುತ್ತಿರಲಿಲ್ಲ. ಧಾನ್ಯದ ಬೆಲೆ ಎಷ್ಟಾಯಿತೆಂದು ಇಬ್ಬರೂ ಅತಿ ಗಂಭೀರವಾಗಿ ಮಾತಾಡುತ್ತಿದ್ದರು.

ಆಟ ಮುಗಿದ ಮೇಲೆ ಕೆಳಗೆ ಟೀ. ಅವಳಿಗೆ ನಿಂತು ಕುಡಿಯಲು ಆಗದು. ಕಪ್ಪು ಹಿಡಿದುಕೊಂಡೇ ಬೀದಿಯ ಕೊನೆವರೆಗೆ ನಡೆಯುತ್ತಿದ್ದಳು. ಅವನು ಹಿಂದೆಯೇ, ಟೀ ಚೆಲ್ಲಿಕೊಳ್ಳುತ್ತ.

“ನೀವು ಯಾಕೆ ಹೀಗೆ ಓಡ್ತೀರ?”

“ನೀವು ಯಾಕೆ ಅಷ್ಟು ಮೆಲ್ಲಗೆ ನಡೀತೀರ?”

“ಟೀ ಬಿಸಿ ಇದೆ, ಅದಕ್ಕೆ.”

ವಾರದ ದಿನಗಳಲ್ಲಿ ಸೈಟಿಗೆ ಹೋಗುವ ದಾರಿ ಬದಲಾಯಿತು. ಕ್ಲಿನಿಕ್ಕಿನ ಹಿಂದಿನ ಓಣಿ ಸುತ್ತುದಾರಿಯೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆದರೂ ಅಲ್ಲೇ. ಒಂದು ಬೆಳಿಗ್ಗೆ ಕಿಟಕಿಯಲ್ಲಿ ಕಂಡ. ಹಲ್ಲಿನ ಸೆಟ್ಟೊಂದನ್ನು ಬೆಳಕಿಗೆ ಹಿಡಿದು, ಅದು ನಗುತ್ತದೋ ಇಲ್ಲವೋ ಎಂದು ಪರೀಕ್ಷಿಸುವವನಂತೆ ತಾನೂ ಅದಕ್ಕೆ ನಗುತ್ತಿದ್ದ. ಅವಳನ್ನು ನೋಡಿದ. ಈ ಸಲ ಬಾಯಿ ಮುಚ್ಚಲಿಲ್ಲ.

ಆವತ್ತು ಸೈಟಿನಲ್ಲಿ ಅಳತೆಕೋಲು ಹಿಡಿಯುವ ಹಿರಿಯ ದೂರದಿಂದ ಕೂಗಿದ: “ಮೇಡಂ, ಮತ್ತೆ ಮತ್ತೆ ಇದೇ ಜಾಗ ಅಳೀತಾ ಇದೀವಿ! ನೆಲ ಏನು ಬೆಳೆಯತ್ತಾ?”

ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಶನಿವಾರ ಇಷ್ಟು ಉದ್ದ ಯಾವಾಗಿಂದ ಆಯಿತು? ಊರು ಬಿಡುವಾಗ ಬಟ್ಟೆಯ ಗಂಟು ಮಾತ್ರ ಎತ್ತಿಕೊಂಡು ಹೋಗುವವಳು ಅವಳು. ಈಗ ಏನೋ ಸಿಕ್ಕಿಹಾಕಿಕೊಂಡಿತ್ತು, ಮುಳ್ಳಿಗೆ ಸೆರಗು ಸಿಕ್ಕ ಹಾಗೆ. ಎಳೆದರೆ ಹರಿಯುತ್ತದೆ, ಬಿಟ್ಟರೆ ನಿಲ್ಲಬೇಕಾಗುತ್ತದೆ.

*

ಲೀಗಿನ ಕೊನೆಯ ಭಾನುವಾರದ ಹೊತ್ತಿಗೆ ಅವರೇ ಮುಂದಿದ್ದರು. ಅದೇ ವಾರ ಆಫೀಸಿನಿಂದ ಅವಳಿಗೆ ಮೇಲ್ ಬಂದಿತ್ತು: ಇಲ್ಲಿಯ ಕೆಲಸ ಮುಗಿಯಿತು, ಮುಂದಿನ ರಸ್ತೆ ದೂರದ ಊರಿನಲ್ಲಿ, ಈ ಸಲ ಇಡೀ ತಂಡಕ್ಕೆ ಅವಳೇ ಮುಖ್ಯಸ್ಥೆ. ಬಯಸಿ ಬಯಸಿ ಕೇಳಿದ್ದ ಕೆಲಸ. ಓದಿ ಖುಷಿಯೇ ಆಯಿತು. ಖುಷಿಯಾದ ಮೇಲೆ ಯಾಕೋ ಊಟ ಸೇರಲಿಲ್ಲ. ಅವನಿಗೆ ಹೇಳಬೇಕೆಂದು ನಾಲಿಗೆ ತುದಿಗೆ ತಂದುಕೊಂಡು ಬಂದಳು; ಆಟ ಶುರುವಾಗಿಬಿಟ್ಟಿತು.

ಮನಸ್ಸು ಅಲ್ಲಿರಲಿಲ್ಲ. ಒಂದೇ ಸಮನೆ ಕಟ್ಟಿದಳು. ಇನ್ನೊಂದು ಸಂತೆ, ಇನ್ನೊಂದು ಬಂದರು, ಇನ್ನೊಂದು ಗಣಿ. ಕಟ್ಟುವುದಕ್ಕೆ ಜನ ಬೇಕು; ಹೊಲಗಳಿಂದ ಎತ್ತಿ ಹಾಕಿದಳು. ನಕ್ಷೆಯ ಮೇಲೆ ಚಳಿಗಾಲ ಬಂತು. ಆಗ ಕಣಜದ ಕಡೆ ನೋಡಿದಳು.

ಕಣಜದಲ್ಲಿ ತಳ ಕಾಣುತ್ತಿತ್ತು.

ಮೊದಲು ಒಂದು ಊರು ಕೆಂಪಾಯಿತು, ಆಮೇಲೆ ಪಕ್ಕದ್ದು. ಅವಳೇ ಹಾಕಿದ ದಾರಿಗಳ ಮೇಲೆ ಜನ ಸಾಲುಗಟ್ಟಿ ರಾಜ್ಯ ಬಿಟ್ಟು ಹೊರಟರು. ಕಲ್ಲು ಮಾರಿ ಧಾನ್ಯ ಕೊಳ್ಳಲು ಹೋದಳು. ಮೇಷ್ಟ್ರ ದಂಪತಿ ಅದಕ್ಕೂ ಮೊದಲೇ ಸಂತೆಯ ಧಾನ್ಯವನ್ನೆಲ್ಲ ಕೊಂಡಾಗಿತ್ತು. ಇದು ಆಟವೆಂದು ಗೊತ್ತು. ಆದರೂ ಹೋಗುವವರನ್ನು ಒಬ್ಬೊಬ್ಬರಾಗಿ ಎಣಿಸಿದಳು.

“ನಾನು ಹಾಳು ಮಾಡಿದೆ,” ಎಂದಳು. “ಎಲ್ಲ ಹಾಳು ಮಾಡಿಬಿಟ್ಟೆ.”

ಅವನ ಕಂಪ್ಯೂಟರಿನಲ್ಲಿ ಲಾಯದ ಬಾಗಿಲುಗಳು ತೆರೆದುಕೊಂಡವು. ಭಾನುವಾರಗಳ ಮೇಲೆ ಭಾನುವಾರ ಕೂತು ಬೆಳೆಸಿದ ಕುದುರೆ ದಂಡು, ಲೀಗಿನಲ್ಲೇ ದೊಡ್ಡದು. ಅಷ್ಟನ್ನೂ ಅವನು ಬರ್ಖಾಸ್ತು ಮಾಡುತ್ತಿದ್ದ. ಸವಾರರು ಕತ್ತಿ ಇಳಿಸಿ ರೈತರಾಗುತ್ತಿದ್ದರು. ಕುದುರೆಗಳು ನೇಗಿಲಿಗೆ ಕಟ್ಟಿಸಿಕೊಂಡು ಹೊಲಗಳ ಕಡೆ ಹೊರಟಿದ್ದವು. ದಂಡಿನ ಪಾಲಿಗೆಂದು ಇಟ್ಟಿದ್ದ ಧಾನ್ಯವೆಲ್ಲ ಊರುಗಳಿಗೆ ಹರಿಯಿತು.

“ಏನ್ ಮಾಡ್ತಿದ್ದೀಯ ನೀನು!”

ಬಾಯಿ ತಪ್ಪಿ ಬಂದಿತ್ತು ಆ ಏಕವಚನ. ಕೇಳಿಸಿಕೊಂಡ ಭಾವ ಕೆಮ್ಮಿದ.

“ಉಳುಮೆ,” ಎಂದ ಅವನು.

“ಹುಚ್ಚಾ? ನದಿಯಾಚೆ ಅವರು ಕಾಯ್ತಾ ಕೂತಿದ್ದಾರೆ. ಗೆಲ್ಲೋ ಆಟ ಕಳ್ಕೊಳ್ತೀಯ!”

“ಉಣ್ಣೋಕಿಲ್ಲದೆ ಜನ ಎದ್ದು ಹೋಗ್ತಾ ಇರುವಾಗ ಗೆದ್ದು ಏನು ಮಾಡೋದು? ಬಿತ್ತೋದು ನೋಡು ನೀನು.”

ಅವನ ಬಾಯಲ್ಲೂ ‘ನೀನು’. ಅವಳು ಬಿತ್ತುವುದು ನೋಡಿದಳು. ಕಣ್ಣು ಮಂಜಾಗಿ ಸರಿಯಾಗಿ ಕಾಣಲಿಲ್ಲ, ಅಷ್ಟೇ.

ಮೇಷ್ಟ್ರ ದಂಡು ನದಿ ದಾಟಿತು. ಗಡಿಯ ಊರುಗಳು ಹೋದವು, ಬಂದರು ಹೋಯಿತು, ಮೊದಲ ಸ್ಥಾನವೂ ಹೋಯಿತು. ನಡುನಾಡು ಮಾತ್ರ ಉಳಿಯಿತು. ಅಲ್ಲಿ ಹಸಿದ ಒಂದು ಊರೂ ಇರಲಿಲ್ಲ. ಕೊನೆಯ ಗಂಟೆ ಹೊಡೆದಾಗ ಮೇಷ್ಟ್ರು ಎದ್ದು ಬಂದು ಅವನ ಕೈ ಕುಲುಕಿದರು. “ಗೆದ್ದಿದ್ದು ನಾವು. ಆದ್ರೆ ನನ್ನ ಹೆಂಡತಿ ನಿನ್ನನ್ನೇ ಹೊಗಳ್ತಾಳೆ, ಮನೆಗೆ ಹೋಗೋವರೆಗೂ ಕೇಳ್ಬೇಕು ನಾನು,” ಎಂದರು.

ಎಲ್ಲರೂ ನಕ್ಕರು. ಆ ನಗುವಿನ ನಡುವೆ ಭಾವ, ಬ್ಯಾಂಡೇಜಿನ ಕೈ ಎತ್ತಿ, ಒಳ್ಳೆಯ ಮನಸ್ಸಿನಿಂದಲೇ ಹೇಳಿಬಿಟ್ಟ: “ಹೋಗ್ಲಿ ಬಿಡಪ್ಪ. ನನ್ನ ಕೈ ಕಟ್ಟು ಬಿಚ್ತಾರೆ, ಮುಂದಿನ ಲೀಗಿಗೆ ನಾನೇ ಬರ್ತೀನಿ. ಇವಳೂ ಈ ವಾರ ಹೊರಟಳಲ್ಲ.”

ಅವನು ಅವಳ ಕಡೆ ತಿರುಗಿದ. “ಹೊರಟ್ರಾ?”

“ದೊಡ್ಡ ಕೆಲಸ. ಹೇಳೋಣ ಅಂತಲೇ...”

“ಒಳ್ಳೇದಾಯ್ತು. ಹೋಗಿ ಬನ್ನಿ.”

ಒಂದು ಮಧ್ಯಾಹ್ನ ಮಾತ್ರ ಬದುಕಿದ ‘ನೀನು’ ಅಲ್ಲೇ ಸತ್ತಿತು. ಅವನು ಮೆಟ್ಟಿಲಿಳಿದು ಹೋದ. ಆವತ್ತು ಟೀ ಇಲ್ಲ.

*

ಬಟ್ಟೆ ಮಡಚುತ್ತಿದ್ದವಳನ್ನು ಅಕ್ಕ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಒಂದೇ ಅಂಗಿಯನ್ನು ಮಡಚುವುದು, ಬಿಚ್ಚುವುದು, ಮತ್ತೆ ಮಡಚುವುದು.

“ಅವನಿಗೇನಾದ್ರೂ ಹೇಳಿದ್ಯಾ?”

“ನಾನ್ಯಾಕೆ ಹೇಳ್ಲಿ? ‘ಹೋಗಿ ಬನ್ನಿ’ ಅಂದನಲ್ಲ, ಬಸ್ ಸ್ಟ್ಯಾಂಡಿನ ಬೋರ್ಡ್ ಥರ.”

“ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಇಬ್ರೂ ಕೂತಿದ್ದೀರ. ಬಣ್ಣ ಆಗಲೇ ಊರಿಗೆಲ್ಲ ಕಂಡಾಗಿದೆ ಕಣೇ.”

ಅವಳು ಅಂಗಿಯನ್ನು ಮಂಚದ ಮೇಲೆ ಎಸೆದು ಹೊರಟೇಬಿಟ್ಟಳು.

ವರ್ಕ್‌ಶಾಪಿನಲ್ಲಿ ಅವನೊಬ್ಬನೇ ಇದ್ದ. ಸುತ್ತ ಕಪಾಟುಗಳ ತುಂಬ ಊರಿನವರ ಬಾಯಿಗಳ ಬಿಳಿ ಅಚ್ಚುಗಳು. ಅಷ್ಟೊಂದು ಬಾಯಿಗಳ ನಡುವೆ ಮಾತಾಡದ ಮನುಷ್ಯ.

“ಹೋಗಿ ಬನ್ನಿ ಅಂದ್ರಲ್ಲ, ಅಷ್ಟು ಸುಲಭಾನಾ ಅದು?”

ಅವನು ಕೈಯಲ್ಲಿದ್ದ ಉಳಿ ಕೆಳಗಿಟ್ಟ. “ಏನು ಹೇಳ್ಬೇಕಿತ್ತು? ಇರಿ ಅನ್ನೋದಾ? ನೀವು ಒಂದು ಕಡೆ ಕೂತ್ರೆ ಬಾಡಿ ಹೋಗ್ತೀರ. ನೋಡಿದೀನಿ ನಾನು. ಟೀ ಕುಡಿಯೋಕೂ ನಿಲ್ಲೋರಲ್ಲ ನೀವು. ನನಗೋಸ್ಕರ ನಿಲ್ಲಿ ಅಂತ ಯಾವ ಬಾಯಲ್ಲಿ ಕೇಳ್ಲಿ?”

“ನಿಲ್ಲು ಅಂತ ಕೇಳು ಅಂದವರು ಯಾರು?” ಅವಳ ದನಿ ಏರಿತು. “ಜೊತೆಗೆ ಬರಲಾ ಅಂತ ಕೇಳೋಕೆ ಏನಾಗಿತ್ತು ನಿಮಗೆ ಧಾಡಿ?”

ಅವನು ಅವಳನ್ನೇ ನೋಡುತ್ತ ನಿಂತ. ಅಂಥದ್ದೊಂದು ದಾರಿ ಇದೆಯೆಂದೇ ಅವನಿಗೆ ತೋಚಿರಲಿಲ್ಲವೆಂಬುದು ಮುಖದಲ್ಲೇ ಬರೆದಿತ್ತು. ಅಷ್ಟರಲ್ಲಿ ಮುಂದಿನ ಕೋಣೆಯಿಂದ ಚಿಕ್ಕಮ್ಮನ ದನಿ: “ಏಯ್, ಆ ಮೇಲಿನ ಸೆಟ್ ತಗೊಂಡು ಬಾರೋ, ಪೇಷಂಟ್ ಬಾಯಿ ತೆಗೆದು ಕೂತಿದ್ದಾರೆ!”

“ಒಂದೇ ನಿಮಿಷ,” ಎಂದ ಅವನು. “ಹೋಗ್ಬೇಡಿ. ಒಂದೇ ನಿಮಿಷ.”

ಅವಳು ನಿಂತಳು. ಗೋಡೆ ನೋಡಿದಳು, ಕಿಟಕಿ ನೋಡಿದಳು. ಒಳಗಿಂದ ಪೇಷಂಟಿನ ಗೊಣಗಾಟ, ಅವನ ಸಮಾಧಾನದ ಮಾತು, ಮತ್ತೆ ಗೊಣಗಾಟ. ನಿಮಿಷ ಬೆಳೆಯುತ್ತ ಹೋಯಿತು. ಅವನು ಹಿಂತಿರುಗಿ ಬಂದು ಏನು ಹೇಳಬಹುದು? ‘ಆಗಲ್ಲ’ ಎಂದರೆ? ಅದನ್ನು ಕೇಳಿಸಿಕೊಂಡು ನಿಲ್ಲುವ ಶಕ್ತಿ ತನ್ನ ಕಾಲುಗಳಿಗೆ ಇಲ್ಲವೆನಿಸಿತು. ಓಡುವುದು ಅವಕ್ಕೆ ರೂಢಿಯಾಗಿತ್ತು.

ಅವನು ಬಂದಾಗ ವರ್ಕ್‌ಶಾಪಿನಲ್ಲಿ ಯಾರೂ ಇರಲಿಲ್ಲ. ಮರುದಿನ ಬೆಳಿಗ್ಗೆಯ ಬಸ್ಸಿಗೆ ಅವಳು ಹೊರಟುಹೋದಳು.

*

ಹೊಸ ಊರಿನಲ್ಲಿ ಕೆಲಸಕ್ಕೆ ಕೊರತೆಯಿರಲಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಗುಡ್ಡ ಹತ್ತಿ ಇಳಿದಳು. ಕೈಕೆಳಗಿನವರು “ನಿಧಾನ ಮೇಡಂ” ಎಂದು ಏದುಸಿರು ಬಿಟ್ಟರು. ನಡೆದಷ್ಟೂ ಕಾಲು ದಣಿಯುತ್ತಿತ್ತು, ಮನಸ್ಸು ದಣಿಯುತ್ತಿರಲಿಲ್ಲ.

ಬಂದ ದಿನ ಅವನ ಮೆಸೇಜು ಬಂದಿತ್ತು: “ತಲುಪಿದ್ರಾ?” ಅವಳು “ಹೂಂ” ಎಂದಿದ್ದಳು. ಅಷ್ಟೇ. ಕಾಯದೆ ಬಂದದ್ದು ತನ್ನ ತಪ್ಪೆಂದು ಗೊತ್ತಿತ್ತು. ಬರೆಯಲು ಕೂತರೆ ಪ್ರತಿ ಮಾತೂ ಕುಂಟುತ್ತಿತ್ತು, ಅಳಿಸಿಬಿಡುತ್ತಿದ್ದಳು.

ಒಂದು ಮಧ್ಯಾಹ್ನ, ಊಟದ ಡಬ್ಬಿ ಮುಚ್ಚಿ, ಸುಮ್ಮನೆ ಫೋನಿನಲ್ಲಿ ಆಟ ತೆರೆದಳು. ಲೀಗು ಮುಗಿದಿತ್ತು, ಅವರ ಅಳಿದುಳಿದ ರಾಜ್ಯವನ್ನು ಯಾರೂ ಮುಟ್ಟಿರುವುದಿಲ್ಲವೆಂದುಕೊಂಡಿದ್ದಳು. ಮುಟ್ಟಿದ್ದರು. ದಂಡನಾಯಕ ಈಗ ಭಂಡಾರಿಯ ಕೆಲಸವನ್ನೂ ಮಾಡುತ್ತಿದ್ದ, ಅದೂ ಬಹಳ ಕೆಟ್ಟದಾಗಿ. ಧಾನ್ಯ ಒಂದೇ ಊರಿನಲ್ಲಿ ಗುಡ್ಡೆ ಬಿದ್ದಿತ್ತು, ಕುಂಬಾರರು ಗಣಿಯಲ್ಲಿದ್ದರು, ಗಣಿಯವರು ಸುಮ್ಮನೆ ಕೂತಿದ್ದರು. ತೆರಿಗೆಯಂತೂ ಕೇಳುವುದೇ ಬೇಡ.

ನೋಡಿ ತಡೆಯಲಾಗಲಿಲ್ಲ. ಬರೆದಳು: “ತೆರಿಗೆ ಇಳಿಸು. ಜನ ಓಡಿ ಹೋಗ್ತಾರೆ.”

ಉತ್ತರ ತಕ್ಷಣ ಬಂತು, ಫೋನು ಕೈಯಲ್ಲೇ ಹಿಡಿದು ಕೂತಿದ್ದವನಂತೆ. “ಆಗಲೇ ಓಡಿ ಹೋದವರು ವಾಪಸ್ ಬರೋಕೆ ಏನು ಮಾಡ್ಬೇಕು?”

“ವಾಪಸ್ ಬರಲ್ಲ,” ಎಂದು ಬರೆದಳು. ಬೆರಳು ಅಲ್ಲೇ ನಿಂತಿತು. ಆಮೇಲೆ, ಇನ್ನೊಮ್ಮೆ ಓದದೆ, ಮುಂದಿನದನ್ನೂ ಕಳಿಸಿದಳು: “ಅವರಿರೋ ಕಡೆಗೇ ಹೋಗಬೇಕು.”

ಉತ್ತರ ಬರಲಿಲ್ಲ. ಆ ದಿನವೂ ಇಲ್ಲ, ಮರುದಿನವೂ ಇಲ್ಲ. ಅವಳು ಗುಡ್ಡದ ಮೇಲೆ ಅಳತೆಯ ಯಂತ್ರಕ್ಕೆ ಕಣ್ಣಿಟ್ಟು, ತನ್ನನ್ನೇ ಬೈದುಕೊಂಡಳು. ಯಂತ್ರದ ಗಾಜಿನಲ್ಲಿ ದೂರದ ಗೂಟದ ಪಕ್ಕ ಒಂದು ಆಕೃತಿ ಕಂಡಿತು. ಹೆಗಲಿಗೆ ಚೀಲ, ಮೊಣಕಾಲವರೆಗೆ ಕೆಂಪು ಧೂಳು. ಗಾಜು ತಿರುಗಿಸಿ ಹತ್ತಿರ ತಂದಳು. ಅವನು ಎಡವಿದ, ಸಾವರಿಸಿಕೊಂಡ, ಸುತ್ತ ಯಾರೂ ನೋಡಲಿಲ್ಲವೆಂದು ಖಾತ್ರಿ ಮಾಡಿಕೊಂಡ, ಮತ್ತೆ ನಡೆದ.

ಅವಳು ಇಳಿಜಾರಿನಲ್ಲಿ ಓಡಿದಳು.

“ಒಂದು ನಿಮಿಷ ಅಂದಿದ್ದೆ,” ಎಂದ ಅವನು, ಉಸಿರು ಸಿಕ್ಕ ಮೇಲೆ. “ಸ್ವಲ್ಪ ಜಾಸ್ತಿ ಆಯ್ತು.”

“ನಾನು ಕಾಯ್ಬೇಕಿತ್ತು.”

“ಹೂಂ. ಕಾಯ್ಬೇಕಿತ್ತು.”

“ಚಿಕ್ಕಮ್ಮ?”

“‘ನೀನು ಹಲ್ಲು ಮಾಡಿ ಕೊರಿಯರ್ ಮಾಡು, ನಾನು ಹಾಕ್ತೀನಿ. ಇಲ್ಲಿ ಕೂತು ಉಸ್ಸಪ್ಪಾ ಅಂತ ಪೇಷಂಟ್‌ಗಳ ಮೂಡ್ ಕೆಡಿಸ್ಬೇಡ’ ಅಂದ್ರು. ಅದೂ ಅಲ್ಲದೆ, ಬಾಯಿ ಇರೋ ಊರಲ್ಲೆಲ್ಲ ಹಲ್ಲು ಬೀಳತ್ತೆ. ಇಲ್ಲೂ ಬೀಳತ್ತೆ. ಮುಂದಿನ ಊರಲ್ಲೂ ಬೀಳತ್ತೆ.” ಅವನು ಅವಳ ಮುಖವನ್ನೇ ನೋಡಿದ. ಗುಡ್ಡ ಹತ್ತಿ ಕೆಂಪಾಗಿದ್ದ ಅವನ ಮುಖ ಇನ್ನಷ್ಟು ಕೆಂಪಾಯಿತು. “ಜೊತೆಗೆ ಬರಲಾ?”

ಅವಳು ಅವನ ಚೀಲ ಕಿತ್ತುಕೊಂಡು ತನ್ನ ಹೆಗಲಿಗೆ ಹಾಕಿಕೊಂಡಳು. ಇಬ್ಬರೂ ಊರಿನ ಕಡೆ ಇಳಿದರು. ಅವಳು ಅವನಿಗೋಸ್ಕರ ಮೆಲ್ಲಗೆ ನಡೆದಳು. ಅವನು ಅವಳಿಗೋಸ್ಕರ ಬೇಗ ನಡೆದ. ಹಾಗಾಗಿ ಹೆಜ್ಜೆ ಕೂಡುವುದೇ ಕಷ್ಟವಾಯಿತು.

ಅವಳು ಬಾಡಿಗೆಗಿದ್ದ ಮನೆಯ ಒಡತಿ ವಯಸ್ಸಾದ ಹೆಂಗಸು, ದನಿ ಮಾತ್ರ ಗಟ್ಟಿ. ಹಿಂಭಾಗದಲ್ಲಿ ಒಂದು ಕೋಣೆ ಖಾಲಿಯಿತ್ತು. ನಲ್ಲಿ ಇತ್ತು, ಕೆಲಸ ಮಾಡಲು ಬೆಳಕಿನ ಕಿಟಕಿ ಇತ್ತು. ಅವನು ನಲ್ಲಿ ತಿರುಗಿಸಿ ನೋಡಿದ, ಗೋಡೆ ತಟ್ಟಿ ನೋಡಿದ. ಒಡತಿ ಅವನನ್ನು ಮೇಲಿನಿಂದ ಕೆಳಗೆ ನೋಡಿ ಅವಳ ಕಡೆ ತಿರುಗಿದಳು.

“ಇವರು ನಿಮಗೆ ಏನಾಗಬೇಕು?”

“ನಾನು... ಅಂದ್ರೆ ನಾವು ಒಂದು ಆಟದಲ್ಲಿ...” ಎಂದು ಅವನು ತೊದಲಿದ.

“ಗಂಡ ಆಗಬೇಕು,” ಎಂದಳು ಅವಳು. “ಇನ್ನೂ ಆಗಿಲ್ಲ.”

ನಲ್ಲಿಯ ನೀರು ಸುಮ್ಮನೆ ಹರಿಯುತ್ತಿತ್ತು. ಅವನು ಅದನ್ನು ನಿಲ್ಲಿಸುವುದನ್ನೇ ಮರೆತು ಅವಳನ್ನು ನೋಡುತ್ತಿದ್ದ.

“ಯಾವಾಗ ಆಗ್ತಾರೆ?” ಒಡತಿ ಬಿಡುವವಳಲ್ಲ.

“ಅವರನ್ನೇ ಕೇಳಿ.”

“ಬೇಗ,” ಎಂದ ಅವನು. ದನಿ ಒಡೆದಿತ್ತು, ನಗುತ್ತಲೂ ಇದ್ದ. “ತಡ ಮಾಡಿದ್ರೆ ಮುಂದಿನ ಊರಲ್ಲಿ ಆಗಬೇಕಾಗತ್ತೆ.”

ಒಡತಿ ಕೈ ಚಾಚಿ ನಲ್ಲಿ ನಿಲ್ಲಿಸಿದಳು. ಸೊಂಟದ ಗೊಂಚಲಿನಿಂದ ಕೀಲಿ ಬಿಡಿಸಿ ಅವನ ಅಂಗೈಗೆ ಹಾಕಿದಳು.

“ಅಲ್ಲಿವರೆಗೆ ಈ ಕೋಣೆ ನಿಮ್ಮದು, ಮುಂದಿನ ಕೋಣೆ ಇವರದು,” ಎಂದಳು. “ಆಮೇಲೆ ಎರಡರಲ್ಲಿ ಒಂದು ನನಗೆ ವಾಪಸ್ ಕೊಡಿ. ಸುಮ್ಮನೆ ಎರಡೆರಡು ಬಾಗಿಲು ಯಾಕೆ?”